ಮೂಗು ನಿಂದು, ರಗತ ನಂದೇನು ಮಾವ?

ರಕ್ತ ತೆಗೆಯುವುದನ್ನು ಯಾರು ಬೇಕಾದರೂ ಒಂದು ವಾರದಲ್ಲಿ ಕಲಿಯಬಹುದು. ಎದುರಿಗೆ ಕೂತವರು ತಾವಾಗಿ ತೋಳು ಚಾಚುವಂತೆ ಮಾಡುವುದಿದೆಯಲ್ಲ, ಅದನ್ನು ಕಲಿಯುವುದಕ್ಕೆ ನನ್ನ ಅರ್ಧ ಸರ್ವೀಸು ಹಿಡಿಯಿತು. ಲ್ಯಾಬಿನ ಕೆಲಸಕ್ಕೆ ಹೊಸದಾಗಿ ಸೇರಿದ ಮಕ್ಕಳು ಆಗಾಗ ಕೌಲ್ ಬಜಾರಿನ ನಮ್ಮ ಮನೆಗೆ ಬಂದು ನಿಮ್ಮ ಕಾಲದಲ್ಲಿ ಹೇಗಿತ್ತು ಎಂದು ಕೇಳುತ್ತಾರೆ. ನಾನು ಯಾವಾಗ ಸೀನಿಯರ್ ಆದೆ, ಬಡ್ತಿ ಯಾವಾಗ ಬಂತು ಎಂದು ಹೇಳಲು ಶುರುಮಾಡಿದರೆ ಅವರಿಗಿಂತ ಮೊದಲು ನನಗೇ ಆಕಳಿಕೆ ಬರುತ್ತದೆ. ಅದರ ಬದಲು ಕೆಲಸದ ನಿಜವಾದ ಕಷ್ಟ ಎಲ್ಲಿತ್ತು ಎಂಬುದನ್ನು ಬರೆದಿಡುತ್ತೇನೆ.

ಬಳ್ಳಾರಿಯ ಆಸ್ಪತ್ರೆಯ ಲ್ಯಾಬಿಗೆ ನಾನು ಸೇರಿದ್ದು ಅರವತ್ತರ ದಶಕದಲ್ಲಿ. ಆಗ ಸಿರಿಂಜು ಗಾಜಿನದು, ಸೂಜಿ ಉಕ್ಕಿನದು. ಎರಡನ್ನೂ ಬೆಳಿಗ್ಗೆ ಬಂದ ಕೂಡಲೇ ಕುದಿಸಿಡಬೇಕು. ಮೊನೆ ಮೊಂಡಾದರೆ ಬಿಸಾಡುವಂತಿಲ್ಲ, ಕಲ್ಲಿನ ಮೇಲೆ ಮಸೆದು ಮತ್ತೆ ಬಳಸಬೇಕು. ಮಿಲಿಟರಿಯಿಂದ ನಿವೃತ್ತರಾಗಿ ಬಂದಿದ್ದ ರಹಮಾನ್ ಸಾಹೇಬರು ನಮ್ಮ ಹಿರಿಯ ಟೆಕ್ನಿಷಿಯನ್. ಮೊದಲ ವಾರದಲ್ಲೇ ನಾನು ಒಬ್ಬ ರೈತನಿಗೆ ಏನೂ ನೋವಾಗುವುದಿಲ್ಲ ಎಂದು ನಯವಾಗಿ ಹೇಳಿ ಸೂಜಿ ಚುಚ್ಚಿದೆ. ಸೂಜಿ ಮೊಂಡಾಗಿತ್ತು. ಆ ಮನುಷ್ಯ ತೋಳಿನಲ್ಲಿ ಸೂಜಿ ಇರುವಂತೆಯೇ ಎದ್ದು ಆಸ್ಪತ್ರೆಯ ಗೇಟಿನ ತನಕ ಓಡಿದ. ರಹಮಾನ್ ಸಾಹೇಬರು ಬೆನ್ನಟ್ಟಿ ಹೋಗಿ ಸೂಜಿ ಕಿತ್ತು ತಂದು ನನ್ನ ಮುಂದಿಟ್ಟರು. ಅವನು ಹೋದರೆ ಹೋಗಲಿ, ಸೂಜಿ ಸರ್ಕಾರದ್ದು ಎಂದರು. ಆಮೇಲೆ ಚಹಾ ಕುಡಿಯುತ್ತಾ ಒಂದು ಮಾತು ಹೇಳಿದರು. ನೋವಾಗುವುದಿಲ್ಲ ಎಂದು ಯಾರಿಗೂ ಹೇಳಬೇಡ, ಎದುರಿಗಿರುವವನಿಗೆ ಸೂಜಿಗಿಂತ ದೊಡ್ಡ ಹೆದರಿಕೆ ಯಾವುದಿದೆ ಎಂದು ಹುಡುಕು. ಆಗ ಅದು ನನಗೆ ಅರ್ಥವಾಗಲಿಲ್ಲ, ಅರ್ಥವಾದವಳ ಹಾಗೆ ತಲೆಯಾಡಿಸಿದೆ.

ಇನ್ನೊಂದು ವಿಷಯವನ್ನೂ ನಮ್ಮ ಕಡೆಯ ಗಂಡಸರಿಂದಲೇ ಕಲಿತೆ. ತಮ್ಮದನ್ನು ಬಿಟ್ಟು ಬೇರೆ ಯಾರದನ್ನು ಬೇಕಾದರೂ ಪರೀಕ್ಷೆಗೆ ಕೊಡಲು ಅವರು ಸದಾ ತಯಾರು. ಸಕ್ಕರೆ ಕಾಯಿಲೆಯ ಒಬ್ಬ ವ್ಯಾಪಾರಿ ಪ್ರತಿ ಸಲ ಮೂತ್ರದ ಶೀಸೆ ಕಳಿಸುತ್ತಿದ್ದ. ಪ್ರತಿ ಸಲವೂ ಸಕ್ಕರೆ ಇಲ್ಲವೆಂದೇ ಬರುತ್ತಿತ್ತು. ಮನುಷ್ಯ ಮಾತ್ರ ದಿನದಿನಕ್ಕೆ ಸೊರಗುತ್ತಿದ್ದ. ಕೊನೆಗೆ ಗೊತ್ತಾಗಿದ್ದೇನೆಂದರೆ ಶೀಸೆಯಲ್ಲಿದ್ದದ್ದು ಹೆಂಡತಿಯದು. ಯಾಕೆ ಹೀಗೆ ಮಾಡಿದಿರಿ ಎಂದರೆ, ಸಂಸಾರ ಅಂದಮೇಲೆ ಇಬ್ಬರದೂ ಒಂದೇ ಅಲ್ಲವೇ ಎಂದು ನನ್ನನ್ನೇ ಕೇಳಿದ. ಇಂಥವರನ್ನು ಕಂಡು ಕಂಡು ಹದವಾಗಿದ್ದ ನನ್ನ ಹತ್ತಿರಕ್ಕೆ ಹಚ್ಚೊಳ್ಳಿಯ ಪಂಪಣ್ಣ ಬಂದದ್ದು ಎಪ್ಪತ್ತರ ದಶಕದ ಕೊನೆಯಲ್ಲಿ.

ಬಂದದ್ದು ತನಗಾಗಿ ಅಲ್ಲ, ಮಗಳು ಗೌರಿಗಾಗಿ. ಗೌರಿಗೆ ಆಗ ಎರಡು ವರ್ಷ ತುಂಬಿತ್ತು. ಮೈಯೆಲ್ಲ ಬಿಳಿಚಿಕೊಂಡು, ಹೊಟ್ಟೆ ಮುಂದೆ ಬಂದಿತ್ತು. ನಮ್ಮ ಮಕ್ಕಳ ಡಾಕ್ಟರು ಅದು ಥಲಸೀಮಿಯಾ ಎಂದರು. ಮೈಯಲ್ಲಿ ರಕ್ತ ಸರಿಯಾಗಿ ತಯಾರಾಗದ ಹುಟ್ಟು ಕಾಯಿಲೆ ಅದು. ತಿಂಗಳು ತಿಂಗಳು ಬೇರೆಯವರ ರಕ್ತ ಕೊಟ್ಟು ಮಗುವನ್ನು ಉಳಿಸಿಕೊಳ್ಳಬೇಕು. ಆ ಕಾಲದಲ್ಲಿ ಅದಕ್ಕಿಂತ ಹೆಚ್ಚು ಮಾಡಲು ನಮ್ಮ ಕೈಯಲ್ಲಿ ಏನೂ ಇರಲಿಲ್ಲ. ಹೀಗಾಗಿ ಪಂಪಣ್ಣ, ಅವನ ಹೆಂಡತಿ ನೀಲಮ್ಮ, ಗೌರಿ ಮೂವರೂ ತಿಂಗಳಿಗೊಮ್ಮೆ ಸಿರುಗುಪ್ಪದ ಬಸ್ಸಿನಲ್ಲಿ ಬಂದಿಳಿಯುವುದು ರೂಢಿಯಾಯಿತು.

ಪಂಪಣ್ಣ ಕಾಲುವೆ ನೀರಿನಲ್ಲಿ ಬತ್ತ ಬೆಳೆಯುವ ಗಟ್ಟಿ ಆಸಾಮಿ. ಮೀಸೆ ದೊಡ್ಡದು, ದನಿ ಅದಕ್ಕಿಂತ ದೊಡ್ಡದು. ಮಗಳೆಂದರೆ ಜೀವ. ಲ್ಯಾಬಿನ ಬಾಗಿಲಲ್ಲಿ ಅವಳನ್ನು ಎತ್ತಿ ಹಿಡಿದು ಪ್ರತಿ ತಿಂಗಳೂ ಅದೇ ಮಾತು ಹೇಳುತ್ತಿದ್ದ. ‘ನೋಡ್ರಿ ಅಕ್ಕೋರ, ಮೂಗು ನಂದು. ಕಿವಿ ನಮ್ಮಪ್ಪಂದು. ಸಿಟ್ಟಂತೂ ಥೇಟ್ ನಮ್ಮ ಮನಿದು.’ ನೀಲಮ್ಮ ಪಕ್ಕದಲ್ಲಿ ನಿಂತು ಸೆರಗಿನಲ್ಲಿ ನಗುತ್ತಿದ್ದಳು. ಮಗುವಿನಲ್ಲಿ ಅವಳ ಪಾಲು ಏನಾದರೂ ಇದೆಯೇ ಎಂದು ನಾನೊಮ್ಮೆ ಕೇಳಿದ್ದಕ್ಕೆ, ಹುಡುಕಬೇಕು ಎಂದುಬಿಟ್ಟ.

ಆ ಪಾಲನ್ನು ಹುಡುಕಿಕೊಟ್ಟದ್ದು ನಾವೇ. ಥಲಸೀಮಿಯಾ ಬರಬೇಕಾದರೆ ಅಪ್ಪ, ಅಮ್ಮ ಇಬ್ಬರ ರಕ್ತದಲ್ಲೂ ಅದರ ಅಂಶ ಇರಬೇಕು. ಒಬ್ಬರಲ್ಲಿ ಮಾತ್ರ ಇದ್ದರೆ ಅವರೂ ಗಟ್ಟಿಮುಟ್ಟಾಗಿರುತ್ತಾರೆ, ಮಕ್ಕಳಿಗೂ ಈ ಕಾಯಿಲೆ ಬರುವುದಿಲ್ಲ. ಡಾಕ್ಟರು ಇಬ್ಬರ ರಕ್ತವನ್ನೂ ನೋಡಬೇಕೆಂದರು. ನೀಲಮ್ಮ ಆಗಲೇ ತೋಳು ಚಾಚಿದಳು, ಅವಳಲ್ಲಿ ಅಂಶ ಇತ್ತು. ಪಂಪಣ್ಣ ಬಸ್ಸು ತಪ್ಪುತ್ತದೆ ಎಂದು ಎದ್ದ. ಆ ಹೊತ್ತಿನಲ್ಲಿ ಸಿರುಗುಪ್ಪಕ್ಕೆ ಬಸ್ಸೇ ಇರಲಿಲ್ಲ.

ಅರ್ಧ ಸುದ್ದಿ ಊರು ಸೇರಿದರೆ ಏನಾಗುತ್ತದೆ ಎಂಬುದನ್ನು ನೀವು ಈ ಕೆಲಸದಲ್ಲಿ ಬೇಗ ಕಲಿಯುತ್ತೀರಿ. ಹಚ್ಚೊಳ್ಳಿಯಲ್ಲಿ ನೀಲಮ್ಮನ ರಕ್ತ ಕೆಟ್ಟದ್ದು ಎಂದಾಯಿತು. ಅದರಲ್ಲೂ ಒಂದು ತಮಾಷೆ ಇತ್ತು. ನೀಲಮ್ಮ ಪಂಪಣ್ಣನ ಸ್ವಂತ ಅಕ್ಕ ಸಂಗಮ್ಮನ ಮಗಳು. ಅಕ್ಕನ ಮಗಳನ್ನು ಮಾಡಿಕೊಳ್ಳುವುದು ನಮ್ಮ ಕಡೆ ಹೊಸದಲ್ಲ. ಹೆಂಡತಿಯ ರಕ್ತವನ್ನು ಬಯ್ದರೆ ತನ್ನ ಮನೆಯ ರಕ್ತವನ್ನೂ ಬಯ್ದ ಹಾಗೆ. ಪಂಪಣ್ಣ ಅದಕ್ಕೊಂದು ದಾರಿ ಹುಡುಕಿಕೊಂಡಿದ್ದ. ಅಕ್ಕನಿಂದ ಬಂದದ್ದೆಲ್ಲ ಒಳ್ಳೆಯದು, ಕೆಟ್ಟದ್ದು ಬಂದದ್ದು ನೀಲಮ್ಮನ ಅಪ್ಪನಿಂದ, ಅಂದರೆ ಕುರುಗೋಡಿನ ದೊಡ್ಡಬಸಪ್ಪನಿಂದ ಎಂದು ಸಾರಿದ.

ಈ ದೊಡ್ಡಬಸಪ್ಪ ಅವನಿಗೆ ಅಕ್ಕನ ಗಂಡನೂ ಹೌದು, ಹೆಣ್ಣು ಕೊಟ್ಟ ಮಾವನೂ ಹೌದು. ಇಬ್ಬರಿಗೂ ಮದುವೆಯ ದಿನದಿಂದ ಮಾತಿರಲಿಲ್ಲ. ಕಾರಣ ಒಂದು ಪಂಚೆ. ಮದುವೆಯಲ್ಲಿ ಅಳಿಯನಿಗೊಂದು ಪಂಚೆ ಕೊಡುತ್ತಾರೆ, ಹುಡುಗಿಯ ಸೋದರಮಾವನಿಗೂ ಒಂದು ಕೊಡುತ್ತಾರೆ. ಇಲ್ಲಿ ಅಳಿಯನೂ ಇವನೇ, ಸೋದರಮಾವನೂ ಇವನೇ. ದೊಡ್ಡಬಸಪ್ಪ ಒಬ್ಬನೇ ಮನುಷ್ಯ ಎಂದು ಒಂದೇ ಪಂಚೆ ಕೊಟ್ಟ. ಎರಡು ಮರ್ಯಾದೆ, ಎರಡು ಪಂಚೆ ಎಂದು ಪಂಪಣ್ಣ ಪಟ್ಟು ಹಿಡಿದ. ಒಂದು ಸೊಂಟಕ್ಕೆ ಎರಡು ಪಂಚೆ ಯಾಕೆ ಎಂದು ದೊಡ್ಡಬಸಪ್ಪ ಹಂದರದಲ್ಲೇ ಕೇಳಿದ್ದನಂತೆ. ಅವತ್ತು ಮುರಿದ ಮಾತು ಗೌರಿ ಹುಟ್ಟಿದಾಗಲೂ ಕೂಡಿರಲಿಲ್ಲ.

ಇದನ್ನೆಲ್ಲ ಕೇಳಿ ನಾನು ನಗುತ್ತಿದ್ದೆ. ಒಂದು ದಿನ ನಗು ನಿಂತಿತು. ಗೌರಿಗೆ ಕೊಡುವ ರಕ್ತವನ್ನು ಹೊಂದಿಸಿ ನೋಡುತ್ತಿದ್ದಾಗ ನೀಲಮ್ಮ ಒಬ್ಬಳೇ ಒಳಗೆ ಬಂದು ಸ್ಟೂಲಿನ ಮೇಲೆ ಕೂತಳು. ಅವಳಿಂದ ಇನ್ನು ಒಳ್ಳೆಯ ಮಕ್ಕಳಾಗುವುದಿಲ್ಲವೆಂದು ಅವಳ ಅವ್ವ ಸಂಗಮ್ಮನೇ ಒಂದು ಏರ್ಪಾಡು ಮಾಡಿದ್ದಳು. ನೀಲಮ್ಮನ ತಂಗಿ ಶಾಂತಾಳನ್ನೂ ಪಂಪಣ್ಣನಿಗೇ ಕೊಟ್ಟು ಬಿಡುವುದು. ಹೊರಗಿನವಳು ಬಂದು ಮಗಳ ಬಾಳು ಕೆಡಿಸುವುದಕ್ಕಿಂತ ತಂಗಿಯೇ ಸವತಿಯಾಗಲಿ ಎಂಬುದು ಸಂಗಮ್ಮನ ಲೆಕ್ಕ. ಬತ್ತದ ಸುಗ್ಗಿ ಮುಗಿದ ಮೇಲೆ ತಾಳಿ. ಶಾಂತಾಳಿಗೆ ಆಗ ಹದಿನೆಂಟು. ಆ ಹುಡುಗಿ ಊಟ ಬಿಟ್ಟು ಮೂಲೆ ಹಿಡಿದಿದ್ದಳು. ದೊಡ್ಡಬಸಪ್ಪನಿಗೆ ಮನಸ್ಸಿಲ್ಲ, ಆದರೆ ಹೆಂಡತಿಯ ಮುಂದೆ ಅವನ ಬಾಯಿ ನಡೆಯುವುದಿಲ್ಲ.

‘ನನ್ನ ರಗತ ನೋಡಿದ್ರಿ, ಅವರ್ದೂ ನೋಡ್ರಿ ಅಕ್ಕೋರ’ ಎಂದಳು ನೀಲಮ್ಮ. ‘ಅವರ್ದು ಚಲೋ ಇದ್ರ ನಾನ ಮುಂದ ನಿಂತು ಶಾಂತಾನ ಮದುವಿ ಮಾಡಿಸ್ತೀನಿ. ಕೆಟ್ಟಿದ್ರ ಆ ಹುಡುಗಿ ಹೊಟ್ಯಾಗೂ ಇನ್ನೊಂದು ಗೌರಿ ಹುಟ್ಟೋದು ಬ್ಯಾಡ.’ ಅವಳು ಅಳಲಿಲ್ಲ.

ಮೊದಲ ಪ್ರಯತ್ನ ಡಾಕ್ಟರದು. ಅವರು ಅನಂತಪುರದ ಕಡೆಯವರು. ಸಮಾಧಾನದಲ್ಲಿದ್ದರೆ ಕನ್ನಡ, ಸಿಟ್ಟು ಬಂದರೆ ತೆಲುಗು. ಪಂಪಣ್ಣನನ್ನು ಕೂರಿಸಿಕೊಂಡು ರೈತನಿಗೆ ತಿಳಿಯುವ ಹಾಗೆ ಹೇಳೋಣವೆಂದು ಹೊಲ, ಬೀಜ ಎಂದು ಶುರುಮಾಡಿದರು. ಅದೇ ತಪ್ಪಾಯಿತು. ಬೆಳೆ ಬರದಿದ್ದರೆ ಹೊಲ ಬದಲಿಸುತ್ತೇವೆ, ಅದನ್ನೇ ಮಾಡಲು ಹೊರಟಿದ್ದೇನೆ ಎಂದ ಪಂಪಣ್ಣ. ಬೀಜವನ್ನೂ ಪರೀಕ್ಷೆ ಮಾಡಬೇಡವೇ ಎಂದರು ಡಾಕ್ಟರು. ಅಷ್ಟು ಹೊತ್ತಿಗೆ ಅವರ ಮಾತು ತೆಲುಗಿಗೆ ತಿರುಗಿತ್ತು. ಪಂಪಣ್ಣನಿಗೆ ತೆಲುಗು ನಮಗಿಂತ ಚೆನ್ನಾಗಿ ಬರುತ್ತಿತ್ತು. ಇಬ್ಬರೂ ಆ ಭಾಷೆಯಲ್ಲಿ ಏನೇನು ಮಾತಾಡಿಕೊಂಡರೋ, ವಾರ್ಡಿನ ಆಯಾಗಳು ಕಿವಿ ಮುಚ್ಚಿಕೊಂಡು ಹೊರಗೆ ಬಂದರು.

ಮುಂದಿನ ವಾರ ನನಗೆ ಅಚ್ಚರಿ ಕಾದಿತ್ತು. ಪಂಪಣ್ಣನ ಹೆಸರು ಹೇಳಿಕೊಂಡು ಒಬ್ಬ ಆಳು ಲ್ಯಾಬಿಗೆ ಬಂದ. ಕುತ್ತಿಗೆ, ಭುಜ ಎಲ್ಲ ಒಂದೇ ಆಗಿದ್ದ ಪೈಲ್ವಾನ. ಹಚ್ಚೊಳ್ಳಿಯ ಪಂಪಣ್ಣ ನಾನೇ, ರಕ್ತ ತೆಗೆಯಿರಿ ಎಂದ. ಮೀಸೆ ಕೂಡ ಇರಲಿಲ್ಲ. ಒಳ್ಳೆಯ ರಕ್ತ ಕಳಿಸಬೇಕೆಂದು ಪಂಪಣ್ಣ ಊರಿನ ಗರಡಿಯಲ್ಲಿ ಎಲ್ಲರಿಗಿಂತ ದಪ್ಪನೆಯವನನ್ನು ಆರಿಸಿದ್ದ. ನಾನು ಏನೂ ಗೊತ್ತಿಲ್ಲದವಳ ಹಾಗೆ ರಕ್ತ ತೆಗೆದೆ. ಆ ಮಹಾಕಾಯನ ಮೈ ಬೆಚ್ಚಗಿತ್ತು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ರಕ್ತದ ತುಂಬ ಮಲೇರಿಯಾ.

ಪೈಲ್ವಾನನಿಗೆ ಅಲ್ಲೇ ಮಾತ್ರೆ ಕೊಡಿಸಿ, ಹೇಗೆ ನುಂಗಬೇಕೆಂದು ಹೇಳಿ ಕಳಿಸಿದೆ. ಆದರೆ ರಕ್ತ ಬಂದದ್ದು ಪಂಪಣ್ಣನ ಹೆಸರಿನಲ್ಲಿ. ಆಗಿನ ನಿಯಮದಂತೆ ಮಲೇರಿಯಾ ಇಲಾಖೆಗೆ ತಿಳಿಸಲೇಬೇಕು, ತಿಳಿಸಿದೆ. ಎರಡು ದಿನಕ್ಕೆ ಇಲಾಖೆಯವರು ಪಂಪು, ಬಕೀಟು ಹೊತ್ತು ಹಚ್ಚೊಳ್ಳಿಗೆ ಹೋಗಿ ಪಂಪಣ್ಣನ ಮನೆಯ ಅಡುಗೆಮನೆಯಿಂದ ಕೊಟ್ಟಿಗೆಯವರೆಗೆ ಗೋಡೆಗೆಲ್ಲ ಡಿ.ಡಿ.ಟಿ. ಹೊಡೆದರು. ಕಹಿ ಮಾತ್ರೆ ನುಂಗುವ ತನಕ ಹೋಗುವುದಿಲ್ಲವೆಂದು ಅವನ ಮುಂದೆ ನಿಂತರು. ಅದು ನನ್ನ ರಕ್ತವೇ ಅಲ್ಲ ಎಂದು ಪಂಪಣ್ಣ ಓಣಿಗೆಲ್ಲ ಕೇಳುವಂತೆ ಕೂಗಬೇಕಾಯಿತು. ನೀಲಮ್ಮ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಳು. ಮುಂದಿನ ತಿಂಗಳು ಬಂದಾಗ ಈ ಕಥೆಯನ್ನು ಅವಳೇ ನನಗೆ ಹೇಳಿದಳು, ಪಂಪಣ್ಣ ಮಾತ್ರ ಲ್ಯಾಬಿನ ಕಡೆ ಮುಖ ಹಾಕಲಿಲ್ಲ.

ನಾನು ಕೈಚೆಲ್ಲಿದ್ದೆ. ನೀಲಮ್ಮ ಚೆಲ್ಲಿರಲಿಲ್ಲ. ಅವಳು ನನ್ನ ಹತ್ತಿರ ಕೇಳಿದ್ದು ಒಂದೇ, ಅವಳ ಅಪ್ಪನ ರಕ್ತವನ್ನೂ ಪರೀಕ್ಷೆ ಮಾಡಬಹುದೇ ಎಂದು. ಮಾಡಬಹುದು, ಆದರೆ ಬೇಕಾದದ್ದು ಗಂಡನದು ಎಂದೆ. ‘ನೀವು ಒಂದು ದಿನ ಗೊತ್ತು ಮಾಡ್ರಿ. ಅಪ್ಪನ್ನ ನಾ ಕರಸ್ತೀನಿ. ನಮ್ಮನಿಯವರು ತಾವ ಬರ್ತಾರ’ ಎಂದಳು. ಆಗ ನನಗೆ ರಹಮಾನ್ ಸಾಹೇಬರ ಚಹಾದ ಮಾತು ನೆನಪಾಯಿತು. ಈ ಹುಡುಗಿ ಮಿಲಿಟರಿಗೆ ಹೋಗದೆಯೇ ಅದನ್ನು ಕಲಿತಿದ್ದಳು.

ಅವಳು ಕುರುಗೋಡಿಗೆ ಹೇಳಿ ಕಳಿಸಿದ್ದು, ಅಳಿಯ ಊರ ತುಂಬ ನಿಮ್ಮ ರಕ್ತವನ್ನು ಆಡಿಕೊಳ್ಳುತ್ತಿದ್ದಾನೆ ಎಂದು. ಗಂಡನಿಗೆ ಹೇಳಿದ್ದು, ಅಪ್ಪ ತನ್ನ ರಕ್ತ ಶುದ್ಧವೆಂದು ತೋರಿಸಲು ಸೋಮವಾರ ಬಳ್ಳಾರಿಗೆ ಹೋಗುತ್ತಿದ್ದಾನೆ ಎಂದು. ಎರಡೂ ಸುಳ್ಳಲ್ಲ, ಹೇಳುವ ಹೊತ್ತನ್ನು ಮಾತ್ರ ಅವಳು ನೋಡಿ ಆರಿಸಿದ್ದಳು. ನನ್ನ ಪಾಲಿನ ಕಿಡಿಗೇಡಿತನವನ್ನೂ ನಾನು ಮಾಡಿದೆ. ಆಸ್ಪತ್ರೆಯ ಮುಂದಿನ ಚಹಾದಂಗಡಿಯಲ್ಲಿ ಪಂಪಣ್ಣ ಸಿಕ್ಕಾಗ, ಸೋಮವಾರ ದೊಡ್ಡಬಸಪ್ಪನವರು ಬರುತ್ತಾರೆ, ನೀವೇನೂ ಬರುವ ಅಗತ್ಯವಿಲ್ಲ ಎಂದೆ. ಅವನ ಮೀಸೆ ಅಲ್ಲಾಡಿತು.

ಸೋಮವಾರ ನಾನು ಲ್ಯಾಬಿನ ಬೀಗ ತೆಗೆಯುವ ಮೊದಲೇ ಪಂಪಣ್ಣ ಮೆಟ್ಟಿಲ ಮೇಲೆ ಕೂತಿದ್ದ. ಕುರುಗೋಡಿನ ಬಸ್ಸಿನಲ್ಲಿ ದೊಡ್ಡಬಸಪ್ಪ, ಸಂಗಮ್ಮ, ಶಾಂತಾ ಮೂವರೂ ಬಂದರು. ಹೆಂಗಸರು ಒಳಗೆ ಬೆಂಚಿನ ಮೇಲೆ ಕೂತರು. ಭಾವ, ಮೈದುನ ಎದುರುಬದುರು ಗೋಡೆಗೆ ಒರಗಿ ಒಬ್ಬರನ್ನೊಬ್ಬರು ನೋಡದೆ ನಿಂತರು.

ಪರೀಕ್ಷೆ ಹೇಗೆಂದು ಕೇಳಿದ ಪಂಪಣ್ಣ. ತೆಳು ಉಪ್ಪುನೀರಿನಲ್ಲಿ ರಕ್ತದ ಹನಿ ಹಾಕಿ ಅರ್ಧ ಗಂಟೆ ಬಿಡುತ್ತೇವೆ ಎಂದೆ. ಅವನ ಮುಖ ಅರಳಿತು. ಬಿತ್ತನೆಯ ಬತ್ತವನ್ನು ಅವರೆಲ್ಲ ಉಪ್ಪುನೀರಿಗೆ ಹಾಕುತ್ತಾರೆ. ಜೊಳ್ಳು ತೇಲುತ್ತದೆ, ಗಟ್ಟಿ ಕಾಳು ಮುಳುಗಿ ಉಳಿಯುತ್ತದೆ. ‘ಇದನ್ನ ಮೊದಲ ಹೇಳಬಾರದಿತ್ತೇನ್ರಿ? ಆ ಡಾಕ್ಟರು ಏನೇನೋ ಒದರಿದ್ರು’ ಎಂದು ನನ್ನನ್ನೇ ಗದರಿದ. ನಿಮ್ಮ ಬತ್ತದ ಹಾಗಲ್ಲ ಇದು ಎಂದು ನಾನು ಬಾಯಿ ತೆರೆದೆ. ಆದರೆ ಅವನು ಅಷ್ಟರಲ್ಲಿ ಅಂಗಿಯ ತೋಳು ಮಡಚುತ್ತಿದ್ದ. ತೋಳು ಮಡಚುವವನನ್ನು ಮಾತಾಡಿ ತಡೆಯುವಷ್ಟು ದಡ್ಡಿ ನಾನಲ್ಲ.

ದೊಡ್ಡಬಸಪ್ಪ ಮೊದಲು ಕೂತ. ಸೂಜಿ ಒಳಗೆ ಹೋದಾಗ ಅವನು ಕಣ್ಣು ಮಿಟುಕಿಸಲಿಲ್ಲ, ಅಳಿಯ ನೋಡುತ್ತಿದ್ದನಲ್ಲ. ಅವನದಾಗಿ ಪಂಪಣ್ಣನ ಸರದಿ ಬಂತು. ಸೂಜಿಯನ್ನು ಅಷ್ಟು ಹತ್ತಿರದಿಂದ ನೋಡಿದ ಮೇಲೆ ಅವನಿಗೆ ಬೇರೊಂದು ಯೋಚನೆ ಬಂತು. ಮೊದಲು ಭಾವನದು ನೋಡೋಣ, ಅಲ್ಲೇ ಕೆಟ್ಟದ್ದು ಸಿಕ್ಕರೆ ನನ್ನದೇಕೆ ಬೇಕು ಎಂದು ಮಡಚಿದ ತೋಳನ್ನು ಇಳಿಸತೊಡಗಿದ. ಅವನ ಹೆದರಿಕೆ ಸೂಜಿಯದಷ್ಟೇ ಅಲ್ಲವೆಂದು ಆಗ ನನಗೆ ಹೊಳೆಯಿತು. ಇದರಲ್ಲಿ ತನ್ನ ಪಾಲೂ ಇದೆಯೆಂದು ಒಳಗೊಳಗೆ ಅವನಿಗೆ ಎಲ್ಲೋ ಗೊತ್ತಿತ್ತು.

ನೀಲಮ್ಮ ನಮ್ಮೆದುರು ಗಂಡನನ್ನು ಯಾವಾಗಲೂ ರೀ ಹಾಕಿ ಮಾತಾಡಿಸುವವಳು. ಅವತ್ತು ಗೌರಿಯನ್ನು ಸೊಂಟದ ಮೇಲಿಟ್ಟುಕೊಂಡು ಅವನ ಮುಂದೆ ಬಂದು ನಿಂತಳು. ಮದುವೆಗೆ ಮುಂಚೆ, ಲಂಗ ಹಾಕುವ ವಯಸ್ಸಿನಲ್ಲಿ ಅವನನ್ನು ಹೇಗೆ ಕರೆಯುತ್ತಿದ್ದಳೋ ಹಾಗೇ ಕರೆದಳು.

‘ಮಾವ, ಮೂಗು ನಿಂದು ಅಂತೀ. ಕಿವಿ ನಿಮ್ಮಪ್ಪಂದು ಅಂತೀ. ಸಿಟ್ಟೂ ನಿಂದಂತ. ರಗತ ಮಾತ್ರ ನಂದೊಬ್ಬಾಕಿದೇನು?’

ಗೌರಿ ಅಪ್ಪನ ಮೀಸೆಗೆ ಕೈ ಹಾಕಿದಳು. ಪಂಪಣ್ಣ ಮಗಳ ಮುಖವನ್ನೇ ನೋಡುತ್ತಾ ನಿಧಾನವಾಗಿ ಕೂತು ತೋಳು ಚಾಚಿದ. ಸೂಜಿ ಚುಚ್ಚಿದ್ದು, ತೆಗೆದದ್ದು ಅವನ ಗಮನಕ್ಕೇ ಬಂದಂತೆ ಕಾಣಲಿಲ್ಲ. ಸಂಗಮ್ಮನದನ್ನೂ ತೆಗೆದೆ. ಕೊನೆಗೆ ಯಾರೂ ಕೇಳದೆ ಶಾಂತಾ ತಾನೇ ಎದ್ದು ಬಂದು, ತನ್ನದನ್ನೂ ನೋಡಿರೆಂದು ಕೈ ಮುಂದೆ ಮಾಡಿದಳು.

ಗಾಜಿನ ನಳಿಕೆಗಳನ್ನು ಸಾಲಾಗಿ ನಿಲ್ಲಿಸಿದೆ. ಹೋಲಿಸಿ ನೋಡಲು ನನ್ನ ರಕ್ತವನ್ನೂ ಒಂದರಲ್ಲಿ ಹಾಕಿದೆ. ಅರ್ಧ ಗಂಟೆ ಕಳೆದ ಮೇಲೆ ನಳಿಕೆಗಳ ಹಿಂದೆ ಅವತ್ತಿನ ಪೇಪರ್ ಹಿಡಿದೆ. ನನ್ನ ನಳಿಕೆಯ ಆಚೆಗೆ ದಪ್ಪಕ್ಷರಗಳು ಸ್ಪಷ್ಟವಾಗಿ ಕಂಡವು. ದೊಡ್ಡಬಸಪ್ಪನದೂ ಹಾಗೆಯೇ ತಿಳಿಯಾಗಿತ್ತು. ಪಂಪಣ್ಣನ ನಳಿಕೆ ಕಾಲುವೆಗೆ ಬಿಟ್ಟ ಹೊಸ ನೀರಿನ ಹಾಗೆ ಕದಡಿಕೊಂಡು ನಿಂತಿತ್ತು, ಹಿಂದೆ ಒಂದು ಅಕ್ಷರವೂ ಕಾಣಲಿಲ್ಲ. ಸಂಗಮ್ಮನದೂ ಹಾಗೆ. ಶಾಂತಾಳದೂ ಹಾಗೆ.

ಆಗ ಪಂಪಣ್ಣ ಮಾಡಿದ್ದನ್ನು ನೆನೆದರೆ ಇವತ್ತಿಗೂ ನಗುವೂ ಬರುತ್ತದೆ, ಕರುಳೂ ಚುರುಕ್ ಎನ್ನುತ್ತದೆ. ಅವನು ತೊಡೆ ತಟ್ಟಿ ಎದ್ದುಬಿಟ್ಟ. ‘ನೋಡಿದ್ರ್ಯಾ? ಭಾವಂದು ಉಪ್ಪುನೀರಾಗ ಕರಗಿ ನೀರಾಗಿ ಹೋತು. ನಂದು, ನಮ್ಮಕ್ಕಂದು ಗಟ್ಟಿ ನಿಂತೈತಿ. ಜೊಳ್ಳು ಯಾರು, ಕಾಳು ಯಾರು ಈಗ ಹೇಳ್ರಿ.’ ಸಂಗಮ್ಮನ ಮುಖ ಬೆಳಗಿತು. ದೊಡ್ಡಬಸಪ್ಪ ಟವಲಿನಿಂದ ಮುಖ ಒರೆಸಿಕೊಂಡು, ಸೋತವನ ಹಾಗೆ ಬಾಗಿಲ ಕಡೆ ಹೊರಟ.

ಅವನನ್ನು ನಾನೇ ಕೈಹಿಡಿದು ನಿಲ್ಲಿಸಬೇಕಾಯಿತು. ಬತ್ತದ ಲೆಕ್ಕ ಇಲ್ಲಿ ತಿರುವುಮುರುವು ಎಂದೆ. ಒಳ್ಳೆಯ ರಕ್ತದ ಕಣ ತೆಳು ಉಪ್ಪುನೀರಿನಲ್ಲಿ ಉಬ್ಬಿ ಒಡೆಯಬೇಕು, ಆಗ ನೀರು ತಿಳಿಯಾಗುತ್ತದೆ. ಒಡೆಯದೆ ಕದಡಿ ನಿಂತರೆ ಅದೇ ಗೌರಿಯ ಕಾಯಿಲೆಯ ಅಂಶ. ಅದನ್ನು ಹೇಳುವಾಗ ನನಗೆ ಕಿಡಿಗೇಡಿತನ ಏನೂ ಉಳಿದಿರಲಿಲ್ಲ. ಡಾಕ್ಟರೂ ಬಂದು ಅದನ್ನೇ ಹೇಳಿದರು, ಈ ಸಲ ಮೊದಲಿಂದ ಕೊನೆಯವರೆಗೆ ಕನ್ನಡದಲ್ಲೇ. ಇಬ್ಬರಿಗೂ ಅಂಶವಿದ್ದರೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಇನ್ನೊಬ್ಬ ಗೌರಿ ಹುಟ್ಟುವ ಸಂಭವ. ಅದು ನೀಲಮ್ಮನ ಹೊಟ್ಟೆಯಾದರೂ ಅಷ್ಟೇ, ಶಾಂತಾಳ ಹೊಟ್ಟೆಯಾದರೂ ಅಷ್ಟೇ.

ಪಂಪಣ್ಣ ತನ್ನ ನಳಿಕೆಯನ್ನು ಕೈಗೆತ್ತಿಕೊಂಡು ಕಿಟಕಿಯ ಬೆಳಕಿಗೆ ಹಿಡಿದ. ಅದರ ಆಚೆ ಏನಾದರೂ ಕಾಣುತ್ತದೆಯೇ ಎಂದು ಬಹಳ ಹೊತ್ತು ನೋಡಿದ.

‘ಅಂದ್ರ ಗೌರಿಗೆ ನಾನೂ ಕೊಟ್ಟೀನೇನ್ರಿ ಅಕ್ಕೋರ?’

ನಾನು ಉತ್ತರಿಸುವ ಮೊದಲೇ ನೀಲಮ್ಮ, ಇಬ್ಬರೂ ಕೊಟ್ಟಿದ್ದೇವೆ ಎಂದಳು. ಆ ದನಿಯಲ್ಲಿ ಗೆದ್ದ ಜಂಬ ಎಳ್ಳಷ್ಟೂ ಇರಲಿಲ್ಲ. ಪಂಪಣ್ಣ ಅಕ್ಕನ ಕಡೆ ತಿರುಗಿದ. ‘ಅಕ್ಕ, ಇದು ನಮ್ಮ ಮನಿದು. ನಿನಗೂ ಐತಿ, ನನಗೂ ಐತಿ. ಶಾಂತಾನ ಮಾತು ಇಲ್ಲಿಗೆ ಬಿಡು’ ಎಂದ. ಸಂಗಮ್ಮ ಬೆಂಚಿನ ಮೇಲೆ ಕುಸಿದು ಕೂತಳು. ದೊಡ್ಡಬಸಪ್ಪನಿಗೆ ಅಳಿಯನನ್ನು ಹಂಗಿಸಲು ಅದಕ್ಕಿಂತ ಒಳ್ಳೆಯ ಸಮಯ ಸಿಗುತ್ತಿರಲಿಲ್ಲ. ಅವನು ಅದನ್ನು ಬಿಟ್ಟು ನೀಲಮ್ಮನ ಸೊಂಟದಿಂದ ಮೊಮ್ಮಗಳನ್ನು ಎತ್ತಿಕೊಂಡು ಹೊರಗಿನ ಬೇವಿನ ಮರದ ಕೆಳಗೆ ಹೋದ. ಶಾಂತಾ ಮಾತ್ರ ನನ್ನ ಹತ್ತಿರ ಬಂದು, ಇಲ್ಲಿ ಊಟ ಎಲ್ಲಿ ಸಿಗುತ್ತದೆ ಎಂದು ಮೆಲ್ಲಗೆ ಕೇಳಿದಳು.

ಲ್ಯಾಬಿನ ಮಕ್ಕಳಿಗೆ ಇಲ್ಲೊಂದು ಮಾತು. ನಳಿಕೆ ಕದಡಿದ ಮಾತ್ರಕ್ಕೆ ತೀರ್ಪು ಕೊಡಬೇಡಿ. ಕಬ್ಬಿಣದ ಅಂಶ ಕಡಿಮೆಯಾದ ರಕ್ತವೂ ಹೀಗೆ ಆಟ ಆಡಿಸುತ್ತದೆ. ಅವರೆಲ್ಲರ ರಕ್ತವನ್ನು ಡಾಕ್ಟರು ದೊಡ್ಡ ಊರಿನ ಆಸ್ಪತ್ರೆಗೆ ಕಳಿಸಿ ಖಾತ್ರಿ ಮಾಡಿಕೊಂಡೇ ಮುಂದುವರಿದರು. ಈಗ ಯಂತ್ರ ಒಂದೇ ಏಟಿಗೆ ಎಲ್ಲ ಹೇಳುತ್ತದೆ, ಅದು ಒಳ್ಳೆಯದೇ. ಆದರೆ ಕಾಗದದ ಮೇಲೆ ಅಚ್ಚಾಗಿ ಬಂದ ಅಂಕಿಯನ್ನು ಪಂಪಣ್ಣ ನಂಬುತ್ತಿದ್ದನೇ ಎಂಬ ಅನುಮಾನ ನನಗೆ ಈಗಲೂ ಇದೆ.

ಪಂಪಣ್ಣ, ನೀಲಮ್ಮ ಇನ್ನು ಮಕ್ಕಳು ಬೇಡವೆಂದು ಕೂಡಿಯೇ ತೀರ್ಮಾನಿಸಿದರು. ಎರಡು ವರ್ಷದ ಮೇಲೆ ಶಾಂತಾಳಿಗೆ ಕೊಳಗಲ್ಲಿನ ಒಬ್ಬ ಹುಡುಗ ಗೊತ್ತಾದ. ಹುಡುಗನನ್ನು ಲ್ಯಾಬಿಗೆ ಕರೆತಂದದ್ದು ಪಂಪಣ್ಣನೇ. ಬದಲಿ ಆಳು ಬರಬಾರದೆಂದು ಬಸ್ ನಿಲ್ದಾಣದಿಂದ ರಟ್ಟೆ ಹಿಡಿದೇ ತಂದಿದ್ದ. ನಳಿಕೆ ತಿಳಿಯಾಗುವ ತನಕ ಎದ್ದು ಹೋಗಲಿಲ್ಲ. ತಿಳಿಯಾಯಿತು, ಮದುವೆ ಕುರುಗೋಡಿನಲ್ಲಿ ನಡೆಯಿತು. ನನಗೂ ಕರೆ ಬಂದಿತ್ತು, ಹೋಗಿದ್ದೆ. ಸೋದರಮಾವನಿಗೆ ಮರ್ಯಾದೆ ಮಾಡುವ ಹೊತ್ತು ಬಂದಾಗ ದೊಡ್ಡಬಸಪ್ಪ ತಟ್ಟೆಯಲ್ಲಿ ಎರಡು ಪಂಚೆ ಇಟ್ಟು ತಂದ. ಒಂದು ಈ ಮದುವೆಯದು, ಇನ್ನೊಂದು ಹಿಂದಿನದು ಎಂದ. ಪಂಪಣ್ಣ ಎರಡನ್ನೂ ಕಣ್ಣಿಗೆ ಒತ್ತಿಕೊಂಡ. ಆಮೇಲೆ ಒಂದರ ಮೇಲೊಂದು ಎರಡನ್ನೂ ಉಟ್ಟುಕೊಂಡು, ನಡೆಯಲಾರದೆ ನಡೆಯುತ್ತಾ ಊಟದ ಪಂಕ್ತಿಯಲ್ಲಿ ಬಡಿಸಿದ. ಗೌರಿ ಅವನ ಹೆಗಲ ಮೇಲಿದ್ದಳು.

ಗೌರಿ ಮತ್ತೂ ನಾಲ್ಕು ವರ್ಷ ಇದ್ದಳು. ಹೋಗುವ ಮೊದಲು ಶಾಲೆಗೆ ಸೇರಿ ತನ್ನ ಹೆಸರು ಬರೆಯುವುದನ್ನು ಕಲಿತಿದ್ದಳು. ನನ್ನ ಮೇಜಿನ ಮೇಲೂ ಒಮ್ಮೆ ಸೀಮೆಸುಣ್ಣದಲ್ಲಿ ಬರೆದಿದ್ದಳು. ನನ್ನ ಕೆಲಸದಲ್ಲಿ ನಾನು ಅತ್ತದ್ದು ಕಡಿಮೆ, ಆ ತಿಂಗಳು ಅವರು ಬರುವ ದಿನ ಬಂದು ಅವರು ಬಾರದೆ ಹೋದಾಗ ಅತ್ತೆ.

ಅದಾಗಿ ವರ್ಷ ತುಂಬಿರಲಿಲ್ಲ. ಒಂದು ಬೆಳಿಗ್ಗೆ ಲ್ಯಾಬಿನ ಮುಂದೆ ಟ್ರ್ಯಾಕ್ಟರ್ ನಿಂತ ಸದ್ದಾಯಿತು. ಪಂಪಣ್ಣ ಸಿರಿಗೇರಿಯ ಒಬ್ಬ ಹುಡುಗನನ್ನು ಮುಂದೆ ಮಾಡಿಕೊಂಡು ಒಳಗೆ ಬಂದ. ಪಂಪಣ್ಣನ ದೊಡ್ಡಪ್ಪನ ಮೊಮ್ಮಗಳನ್ನು ಆ ಹುಡುಗನಿಗೆ ಕೊಡುವ ಮಾತು ನಡೆದಿತ್ತು. ಹುಡುಗಿಯ ರಕ್ತದಲ್ಲಿ ಅಂಶ ಇದೆಯೆಂದು ನಾವು ಆಗಲೇ ಹೇಳಿದ್ದೆವು. ಹುಡುಗ ಗೋಡೆಗೆ ಅಂಟಿಕೊಂಡು, ತಮ್ಮ ಮನೆತನದಲ್ಲಿ ಇಂಥದ್ದೆಲ್ಲ ಇಲ್ಲ, ತನ್ನ ರಕ್ತ ಚೆನ್ನಾಗಿಯೇ ಇದೆ ಎಂದು ಹಟ ಹಿಡಿದ. ನಾನು ನನ್ನ ಹಳೆಯ ಉಪಾಯಗಳನ್ನೆಲ್ಲ ನೆನಪು ಮಾಡಿಕೊಳ್ಳುತ್ತಿದ್ದೆ. ಪಂಪಣ್ಣ ಕೈ ಸನ್ನೆ ಮಾಡಿ ನನ್ನನ್ನು ಸುಮ್ಮನಾಗಿಸಿ, ಹುಡುಗನ ಮುಂದೆ ಸ್ಟೂಲು ಎಳೆದುಕೊಂಡು ಕೂತ. ಮೀಸೆ ಬೆಳ್ಳಗಾಗಿತ್ತು.

‘ಲೇ ತಮ್ಮ, ನಾಳೆ ನಿನಗೊಂದು ಕೂಸು ಹುಟ್ಟಿದ್ರ ಮೂಗು ಯಾರ್ದು ಅಂತೀ?’

ಹುಡುಗ ನಾಚಿಕೊಂಡು, ನನ್ನದೇ ಎಂದ.

‘ಹಂಗಾರ ತೋಳು ಚಾಚು.’

ಹುಡುಗ ಚಾಚಿದ. ಪಂಪಣ್ಣ ಕಿಟಕಿಯ ಕಡೆ ಮುಖ ತಿರುಗಿಸಿ ತನ್ನ ಮೂಗನ್ನು ಅಂಗೈಯಿಂದ ಒರೆಸಿಕೊಂಡ. ನಾನು ಸೂಜಿ ಕೈಗೆ ತೆಗೆದುಕೊಂಡೆ.